ನಿನ್ನೆ ಕಥೆ ಎಲ್ಲಿ ನಿಂತಿತ್ತು?

ಬುಧವಾರ, ಮಧ್ಯಾಹ್ನ
(ವಾರ ಯಾವುದೆಂದು ಪೇಪರ್ ನೋಡಿ ಬರೆದಿದ್ದೇನೆ)

ನನ್ನ ಅಳಿಲೇ,

‘ನಾವಿಲ್ಲಿ ಎಲ್ಲರೂ ಕ್ಷೇಮ’ ಎಂದು ಶುರುಮಾಡಿ, ಅದರ ಮೇಲೆ ಗೀಟು ಹೊಡೆದಿದ್ದೇನೆ. ಬೇರೆ ಹಾಳೆ ತೆಗೆದುಕೊಳ್ಳಬಹುದಿತ್ತು, ಬೇಕೆಂದೇ ಹಾಗೆ ಬಿಟ್ಟೆ. ನಿನ್ನ ಮಗಳು ಮೆಣಸು ಮಾತ್ರ ನಿಜವಾಗಿ ಕ್ಷೇಮ. ಮೈಮೇಲೆ ಒಂದು ಗೀರೂ ಇಲ್ಲ. ಈಗ ಶಾಲೆಯಲ್ಲಿದ್ದಾಳೆ. ಬೆಳಿಗ್ಗೆ ಬ್ರೆಡ್ಡಿನ ಅಂಚು ತಿನ್ನುವುದಿಲ್ಲ ಎಂದು ಎಂದಿನಂತೆ ಜಗಳ ತೆಗೆದೇ ಹೋದಳು. ಇದನ್ನು ಮೊದಲೇ ಹೇಳದಿದ್ದರೆ ನೀನು ಕಾಗದವನ್ನು ಪೂರ್ತಿ ಓದುವವಳಲ್ಲ, ನಿನ್ನ ಸ್ವಭಾವ ನನಗೆ ಗೊತ್ತಿಲ್ಲವೇ. ಆದ್ದರಿಂದ ಕುಳಿತುಕೊಂಡು ಓದು.

ಪ್ರತಿ ಭಾನುವಾರ ಫೋನ್ ಮಾಡುವವಳಿಗೆ ಇದೇನು ಕಾಗದ ಎಂದು ನೀನು ಕೇಳಬಹುದು. ಫೋನಿನಲ್ಲಿ ಮೆಣಸು ನನ್ನ ತೊಡೆ ಏರಿ ಕುಳಿತು ಕಿವಿ ಅಂಟಿಸಿಕೊಂಡಿರುತ್ತಾಳೆ. ಅದು ಒಂದು ಕಾರಣ. ಇನ್ನೊಂದು, ಫೋನಿನಲ್ಲಿ ನಾನು ಭಾರಿ ನಟಿ. ‘ಹೂಂ’, ‘ಹೌದಾ’, ‘ಆಮೇಲೆ’ ಅನ್ನುತ್ತ ಎಷ್ಟು ಹೊತ್ತು ಬೇಕಾದರೂ ತೇಲಿಸಬಲ್ಲೆ. ಕಾಗದದಲ್ಲಾದರೆ ಏನು ಹೇಳಿದೆ ಎಂದು ಹಿಂದಿರುಗಿ ನೋಡಬಹುದು. ಇತ್ತೀಚೆಗೆ ನನಗೆ ಅದು ಬೇಕಾಗುತ್ತಿದೆ.

ನನಗೆ ಭಯವಾಗುತ್ತಿದೆ ಕಣೇ. ಇದನ್ನು ಬರೆಯಲು ಬೆಳಗಿನಿಂದ ಪೆನ್ನು ಹಿಡಿದು ಕುಳಿತಿದ್ದೆ. ನಿನ್ನಪ್ಪ ಹೋದಾಗಲೂ, ಕಾರ್ಖಾನೆಯಲ್ಲಿ ಆ ಮೇಲ್ವಿಚಾರಕ ಎಲ್ಲರೆದುರು ಗದರಿಸಿದಾಗಲೂ, ಹೆದರಿದ್ದೇನೆಂದು ನಾನು ಯಾರಿಗೂ ಹೇಳಿದವಳಲ್ಲ. ಈಗ ಹೇಳುತ್ತಿದ್ದೇನೆ.

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆದರೆ ಬೇಸರ ಮಾಡಿಕೊಳ್ಳಬೇಡ. ಮೊದಲಿನಿಂದ ಬರೆದರೆ ನನ್ನ ತಲೆಯಲ್ಲಿ ಎಲ್ಲ ನೆಟ್ಟಗೆ ನಿಲ್ಲುತ್ತದೆ.

ನೀನು ಈಗಿನ ಮೆಣಸಿನ ವಯಸ್ಸಿನಲ್ಲಿದ್ದಾಗ ನಾನು ಔಷಧದ ಕಾರ್ಖಾನೆಯಲ್ಲಿ ಸೀಸೆ ನೋಡುತ್ತಿದ್ದೆ. ದೀಪದ ಮುಂದೆ ಒಂದು ಕಡೆ ಕರಿ ಹಲಗೆ, ಒಂದು ಕಡೆ ಬಿಳಿ ಹಲಗೆ. ಸೀಸೆಯನ್ನು ಕತ್ತು ಹಿಡಿದು ತಿರುಗಿಸಿ, ಮೊದಲು ಕಪ್ಪಿನ ಮುಂದೆ, ಆಮೇಲೆ ಬಿಳುಪಿನ ಮುಂದೆ ಹಿಡಿಯಬೇಕು. ಒಳಗೆ ಕೂದಲೆಳೆಯಷ್ಟು ಕಸ ತೇಲಿದರೂ ಅದನ್ನು ತೆಗೆದು ಪಕ್ಕಕ್ಕಿಡಬೇಕು. ಪಾಳಿ ಮುಗಿಯುವಾಗ ಕತ್ತಲಾಗುತ್ತಿತ್ತು. ಶಾಲೆಯಿಂದ ಬಂದ ನೀನು ಮನೆಯಲ್ಲಿ ಒಬ್ಬಳೇ. ಬಾಗಿಲು ತೆಗೆಯಬೇಡ ಎಂದು ಬೈದು ಹೇಳಿದ್ದೆ, ಹೆದರಿಸಿ ಹೇಳಿದ್ದೆ. ಒಂದು ಸಂಜೆ ಯಾರೋ ಬಂದು ‘ನಿಮ್ಮಮ್ಮ ಕಳಿಸಿದ್ರು’ ಅಂದ. ನೀನು ತೆಗೆದೆ. ಅವನು ರೇಡಿಯೋ ಎತ್ತಿಕೊಂಡು ಹೋದ. ರೇಡಿಯೋ ಮಾತ್ರ ಎತ್ತಿಕೊಂಡು ಹೋದನಲ್ಲ ಎಂದು ನಾನು ನಿನ್ನನ್ನು ಅಪ್ಪಿಕೊಂಡು ಅತ್ತೆ. ನೀನು ರೇಡಿಯೋ ಹೋಯಿತೆಂದು ಅತ್ತೆ.

ಅವತ್ತಿನಿಂದ ಬಂದದ್ದು ಬಾಗಿಲಿನ ಕಥೆ. ಮಕ್ಕಳ ತಲೆಯಲ್ಲಿ ಬೈಗುಳ ನಿಲ್ಲುವುದಿಲ್ಲ, ಕಥೆ ನಿಲ್ಲುತ್ತದೆ. ದಿನಾ ಮಲಗುವಾಗ ಒಂದು ತುಂಡು ಕಥೆ. ಮರುದಿನ ಬಾಗಿಲು ತಟ್ಟಿದವರು ಯಾರೇ ಆಗಲಿ, ಒಳಗಿನಿಂದ ನೀನು ಕೇಳಬೇಕು: ನಿನ್ನೆ ಕಥೆ ಎಲ್ಲಿ ನಿಂತಿತ್ತು? ಸರಿಯಾಗಿ ಹೇಳಿದವರಿಗೇ ಬಾಗಿಲು. ದನಿಯನ್ನು ಯಾರು ಬೇಕಾದರೂ ಅನುಕರಿಸಬಹುದು, ಹೆಸರನ್ನು ಯಾರು ಬೇಕಾದರೂ ತಿಳಿದುಕೊಳ್ಳಬಹುದು, ನಿನ್ನೆಯ ಕಥೆ ನಮಗಿಬ್ಬರಿಗೆ ಬಿಟ್ಟು ಯಾರಿಗೂ ಗೊತ್ತಿರುವುದಿಲ್ಲ. ತಪ್ಪು ಹೇಳಿದರೆ? ಮಂಚದ ಕೆಳಗೆ ಹೋಗಿ ಉಸಿರೆತ್ತದೆ ಮಲಗಬೇಕು. ಬಾಗಿಲು ಒಡೆಯುವ ಸದ್ದಾದರೂ ಹೊರಗೆ ಬರಬಾರದು. ಮತ್ತೆ, ಮೊದಲ ಸಲ ತಪ್ಪು ಹೇಳಿದವರು ಎರಡನೆಯ ಸಲ ಸರಿ ಹೇಳಿದರೂ ನಂಬಬಾರದು, ಯಾರನ್ನೋ ಕೇಳಿಕೊಂಡು ಬಂದಿರುತ್ತಾರೆ. ಎಷ್ಟು ಜಾಣೆ ನಿನ್ನಮ್ಮ, ನೋಡು. ಒಂದು ಸಂದೂ ಬಿಟ್ಟಿರಲಿಲ್ಲ.

ನಿನ್ನದು ನೆರಳು ಮಾರುವ ಮುದುಕಿಯ ಕಥೆ. ಮರವೇ ಇಲ್ಲದ ಊರಿನಲ್ಲಿ ಕತ್ತರಿ ಹಿಡಿದು ನೆರಳು ಕತ್ತರಿಸಿ ಮಾರುವವಳು. ನಿನ್ನ ಕೈಗೆ ಬೀಗದ ಕೈ ಕೊಟ್ಟ ದಿನ ಆ ಕಥೆ ಅಲ್ಲೇ ನಿಂತುಹೋಯಿತು, ಮುಗಿಸಲೇ ಇಲ್ಲ. ಮೆಣಸಿನದು ನಾಲಿಗೆ ಕಳೆದುಕೊಂಡ ಗಂಟೆಯ ಕಥೆ. ಗಂಟೆ ಒಂದು ಕತ್ತೆಯ ಬೆನ್ನೇರಿ ತನ್ನ ನಾಲಿಗೆಯನ್ನು ಹುಡುಕುತ್ತ ಊರೂರು ತಿರುಗುತ್ತಿದೆ. ನೀನು ರೈಲು ಓಡಿಸುವುದನ್ನು ಕಲಿಯಲು ಹೊರಟ ದಿನ, ಚೀಲ ಹೆಗಲಿಗೇರಿಸಿಕೊಂಡು, ‘ಅಮ್ಮಾ, ಏನು ಮರೆತ್ರೂ ಬಾಗಿಲಿನ ಕಥೆ ಮರೀಬೇಡ’ ಅಂದಿದ್ದೆ. ತಮಾಷೆಗೆ ಅಂದಿದ್ದೆ. ನಾನೂ ನಕ್ಕಿದ್ದೆ.

ಇನ್ನು ಸೋಮವಾರದ ವಿಷಯ.

ಮೆಣಸು ಶಾಲೆಯಿಂದ ಬಂದಿದ್ದಳು. ಅವಳಿಗೆ ಹಾಲು ಕಾಯಿಸಲು ಒಲೆಯ ಮೇಲಿಟ್ಟೆ. ಬ್ರೆಡ್ ಇಲ್ಲವಲ್ಲ ಎನ್ನಿಸಿ ಚಿಲಕ ಹಾಕಿಕೊ ಎಂದು ಹೇಳಿ ಕೆಳಗಿಳಿದೆ. ಅಂಗಡಿ ಬೀದಿಯ ತಿರುವಿನಲ್ಲೇ, ಹೋಗಿ ಬರಲು ಎಷ್ಟು ಹೊತ್ತು. (ಬ್ರೆಡ್ ಇತ್ತು. ಎರಡು ಪೊಟ್ಟಣ ಇತ್ತು. ಇದು ಆಮೇಲೆ ನೋಡಿದ್ದು.) ಅಂಗಡಿಯವನೊಡನೆ ಅದೂ ಇದೂ ಮಾತಾಡಿ ಮೇಲೆ ಬಂದು ಬಾಗಿಲು ತಟ್ಟಿದೆ. ಒಳಗಿನಿಂದ ಮೆಣಸು, ‘ನಿನ್ನೆ ಕಥೆ ಎಲ್ಲಿ ನಿಂತಿತ್ತು?’ ಅಂತ ಕೇಳಿದಳು. ಅವಳ ಮುಂದಿನ ಹಲ್ಲು ಬಿದ್ದಿದೆ, ನಿನಗೆ ಗೊತ್ತಲ್ಲ, ‘ನಿಂತಿತ್ತು’ ಅನ್ನುವಾಗ ಗಾಳಿ ಹಾರಿಹೋಗುತ್ತದೆ.

ನಾನು ಒಂದು ಕ್ಷಣವೂ ತಡವರಿಸಲಿಲ್ಲ. ‘ಮುದುಕಿ ಕತ್ತರಿ ಮಡಚಿ ಇಟ್ಟು, ನನ್ನ ನೆರಳು ಮಾರಾಟಕ್ಕಿಲ್ಲಪ್ಪ ಅಂದ್ಲು’ ಅಂದೆ. ಅಂದು, ಚಿಲಕದ ಸದ್ದಿಗೆ ಕಾದು ನಿಂತೆ. ಸದ್ದಾಗದಿದ್ದಾಗ ಸಿಟ್ಟೂ ಬಂತು. ‘ಅಳಿಲೇ, ತೆಗೆಯೇ ಬೇಗ, ಪಾಳಿ ಮಾಡಿ ಕಾಲು ಸೋತು ಹೋಗಿದೆ’ ಎಂದು ಗದರಿಸಿದೆ. ಒಳಗೆ ಪುಟ್ಟ ಪಾದಗಳು ಓಡಿದ್ದು ಕೇಳಿಸಿತು. ಆಮೇಲೆ ಏನೂ ಇಲ್ಲ.

ನಿಂತೇ ಇದ್ದೆ. ಆ ನಿಂತ ಹೊತ್ತಿನಲ್ಲಿ ನಾನು ಎಲ್ಲಿದ್ದೆ ಎಂದು ನಿನಗೆ ಹೇಗೆ ಹೇಳಲಿ? ನಾನು ನಮ್ಮ ಹಳೆಯ ಮನೆಯ ಮುಂದಿದ್ದೆ. ಕೈಯಲ್ಲಿ ಊಟದ ಡಬ್ಬಿ ಇತ್ತು. ಒಳಗೆ ಇದ್ದವಳು ನೀನು. ಅನುಮಾನವೇ ಇರಲಿಲ್ಲ. ಮತ್ತೆ ಬಾಗಿಲಿನ ಬಣ್ಣ ಕಣ್ಣಿಗೆ ಬಿತ್ತು. ಹಸಿರು. ನಮ್ಮದು ಹಸಿರಲ್ಲವಲ್ಲ ಅಂದುಕೊಂಡೆ. ಕಬ್ಬಿಣದ ಕಟಕಟೆ ಮುಟ್ಟಿ ನೋಡಿದೆ. ಕೈಯಲ್ಲಿ ನೋಡಿದರೆ ಡಬ್ಬಿಯಲ್ಲ, ಬ್ರೆಡ್ಡಿನ ಪೊಟ್ಟಣ. ಆಗ ಎಲ್ಲ ಒಟ್ಟಿಗೆ ವಾಪಸು ಬಂತು. ಒಳಗಿರುವುದು ಮೆಣಸು, ನಾನು ತಪ್ಪು ಕಥೆ ಹೇಳಿದ್ದೇನೆ, ಅವಳು ಮಂಚದ ಕೆಳಗಿದ್ದಾಳೆ. ಇಷ್ಟು ಅರ್ಥವಾಗುವಷ್ಟರಲ್ಲಿ ಸೀದ ಹಾಲಿನ ವಾಸನೆ ಮೂಗಿಗೆ ಬಡಿಯಿತು.

ಅದರ ಹಿಂದೆಯೇ ಇನ್ನೊಂದು ವಾಸನೆ. ಹಾಲು ಉಕ್ಕಿ ಒಲೆ ಆರಿಹೋಗಿತ್ತು. ಗ್ಯಾಸ್ ಬರುತ್ತಲೇ ಇತ್ತು. ಧೂಳು ಬರುತ್ತದೆಂದು ಕಿಟಕಿಯನ್ನೆಲ್ಲ ನಾನೇ ಮುಚ್ಚಿದ್ದೆ.

ಬಾಗಿಲು ಬಡಿದೆ. ‘ಮೆಣಸೇ, ಅಜ್ಜಿ ಕಣೇ’ ಎಂದು ಕಿರುಚಿದೆ. ಪಕ್ಕದ ಮನೆಯ ಕಂಡಕ್ಟರು ಹೊರಗೆ ಬಂದರು. ಅದೇ, ನಿವೃತ್ತ ಬಸ್ ಕಂಡಕ್ಟರು, ರಾತ್ರಿ ನಮ್ಮ ಮಾತು ಜೋರಾದರೆ ಗೋಡೆ ಗುದ್ದುತ್ತಾರೆಂದು ನಾವು ಬೈದುಕೊಳ್ಳುತ್ತೇವಲ್ಲ, ಅವರು. ‘ಏನ್ರೀ ಇದು, ಮನೆ ಬಿದ್ದೋಯ್ತಾ?’ ಅಂದವರ ಮೂಗಿಗೂ ವಾಸನೆ ಬಡಿಯಿತು. ಕಟಕಟೆಯಿಂದ ಬಗ್ಗಿ ಅಂಗಡಿಯವನಿಗೆ ಅಗ್ನಿಶಾಮಕದವರಿಗೆ ಫೋನ್ ಮಾಡೆಂದು ಕೂಗಿದರು. ತಿರುಗಿ ಬಂದು ಬಾಗಿಲಿಗೆ ಹೆಗಲು ಕೊಟ್ಟು ಒಂದು ಏಟು ಹಾಕಿದರು. ರೇಡಿಯೋ ಹೋದಾಗಿನಿಂದ ನಾನು ಯಾವ ಮನೆಗೆ ಹೋದರೂ ಬಾಗಿಲಿನ ಒಳಗೆ ಕಬ್ಬಿಣದ ಪಟ್ಟಿ ಹಾಕಿಸುತ್ತೇನೆ. ಅದು ಅಲುಗಾಡಲಿಲ್ಲ. ಅವರು ಎರಡನೆಯ ಏಟಿಗೆ ಹಿಂದೆ ಸರಿದಾಗ ನಾನು ಅವರ ತೋಳು ಹಿಡಿದುಕೊಂಡೆ. ಒಂದೊಂದು ಏಟಿಗೂ ಆ ಮಗು ಮಂಚದ ಕೆಳಗೆ ಇನ್ನೂ ಒಳಗೆ ಸರಿಯುತ್ತದೆ. ಹಾಗೆ ಹೇಳಿಕೊಟ್ಟವಳು ನಾನೇ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು ನನ್ನ ಬುದ್ಧಿವಂತಿಕೆ.

‘ಕಥೆ ಎಲ್ಲಿ ನಿಂತಿತ್ತು ಅಂತ ನಂಗೆ ನೆನಪಿಲ್ಲ’ ಎಂದು ಅವರಿಗೆ ಹೇಳಿದೆ. ಆ ಮಾತನ್ನು ನಾನು ಇನ್ನೊಬ್ಬ ಮನುಷ್ಯನೆದುರು ಹೇಳಿದ್ದು ಅದೇ ಮೊದಲು. ಮುದುಕಿಗೆ ತಲೆ ಕೆಟ್ಟಿತು ಎನ್ನುತ್ತಾರೆ ಅಂದುಕೊಂಡೆ. ಅವರು ನನ್ನ ಮುಖ ನೋಡಿದರು. ‘ಗಂಟೆ ಬಾವಿ ಹತ್ರ ಬಂದಿತ್ತು’ ಅಂದರು. ‘ಕತ್ತೆ, ನಾನು ಬರಲ್ಲಪ್ಪ ಅಂತು. ಗಂಟೆ ಬಗ್ಗಿ ನೋಡಿದ್ರೆ ತಳದಲ್ಲಿ ಏನೋ ಹೊಳೀತಾ ಇತ್ತು. ಅಲ್ಲಿಗೆ ನಿಲ್ಲಿಸಿಬಿಟ್ರಿ. ನಂಗೂ ನಿದ್ದೆ ಬರ್ಲಿಲ್ಲ.’ ಗೋಡೆ ಗುದ್ದುತ್ತಿದ್ದದ್ದು ಮಾತು ಜೋರಾಯಿತೆಂದಲ್ಲವಂತೆ, ಮೆಲ್ಲಗೆ ಹೇಳಿದಾಗ ಕೇಳಿಸುವುದಿಲ್ಲವೆಂದು. ಬೇರೆ ಹೊತ್ತಾಗಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ.

ನೆಲಕ್ಕೆ ಮಲಗಿ ಬಾಗಿಲಿನ ಕೆಳಗಿನ ಸಂದಿಗೆ ಬಾಯಿಟ್ಟೆ. ಗಂಟೆ, ಬಾವಿ, ಕತ್ತೆ, ಹೊಳೆಯುವ ವಸ್ತು ಎಲ್ಲ ಹೇಳಿದೆ. ಒಳಗಿನಿಂದ ಉಸಿರಿಲ್ಲ. ಎರಡನೆಯ ಸಲ ಸರಿ ಹೇಳಿದವರನ್ನು ನಂಬಬಾರದಲ್ಲ. ಸಂದಿಯಿಂದ ಗ್ಯಾಸು ನನ್ನ ಮುಖಕ್ಕೇ ಬರುತ್ತಿತ್ತು. ಮುಂದಿನ ಕೋಣೆಯಲ್ಲೇ ಮಂಚ. ಕೂಗಿದರೆ ಕೇಳಿಸುತ್ತದೆ. ಕೂಗುವ ಅಜ್ಜಿ ಅವಳಿಗೆ ಅಜ್ಜಿಯಲ್ಲ. ಅವಳು ನಂಬುವಂಥದ್ದು ಲೋಕದಲ್ಲಿ ಇನ್ನು ಒಂದೇ ಒಂದು ಉಳಿದಿತ್ತು, ಯಾರನ್ನು ಕೇಳಿದರೂ ಸಿಗದ ಮುಂದಿನ ತುಂಡು. ಅದು ನನಗೂ ಗೊತ್ತಿರಲಿಲ್ಲ.

ಹೇಳಲು ಶುರುಮಾಡಿದೆ. ದನಿ ನಡುಗಬಾರದೆಂದು ಕೈಯನ್ನು ಕಚ್ಚಿ ಹಿಡಿದೆ, ಬಿಟ್ಟೆ, ಹೇಳಿದೆ. ದಿಂಬಿನ ಪಕ್ಕ ಹೇಳುವ ದನಿಯಲ್ಲೇ ಹೇಳಿದೆ. ಗಂಟೆ ಹಗ್ಗ ಹಿಡಿದು ಬಾವಿಗೆ ಇಳಿಯಿತು. ಬಾವಿಯ ತಳದಲ್ಲಿ ನೀರಿಲ್ಲ, ಒಂದು ಅಡುಗೆಮನೆ ಇದೆ. ಆ ಅಡುಗೆಮನೆಯಲ್ಲಿ ಬೆಂಕಿಯಿಲ್ಲದ ಒಂದು ಒಲೆ ಬುಸ್ ಬುಸ್ ಎಂದು ಕೋಪ ಮಾಡಿಕೊಂಡು ಕುಳಿತಿದೆ. ಒಲೆಗೆ ಯಾಕೆ ಕೋಪ? ಹಾಲು ತಲೆಯ ಮೇಲೆ ಸುರಿದಿದೆ. ಅದು ಹೀಗೇ ಬುಸುಗುಟ್ಟಿದರೆ ಬಾವಿಯೆಲ್ಲ ಅದರ ಉಸಿರು ತುಂಬಿ, ಗಂಟೆಗೆ ನಿದ್ದೆ ಬಂದು, ಮತ್ತೆಂದೂ ಏಳುವುದಿಲ್ಲ. ಗಂಟೆ ಕೂಗೋಣವೆಂದರೆ ನಾಲಿಗೆಯಿಲ್ಲ. ಆ ಅಡುಗೆಮನೆಯ ಪಕ್ಕದಲ್ಲೇ ಒಂದು ಮಂಚ, ಮಂಚದ ಕೆಳಗೆ ಒಬ್ಬಳು ಹುಡುಗಿ ಅಡಗಿದ್ದಾಳೆ.

ಅಲ್ಲಿಗೆ ನಿಲ್ಲಿಸಿದೆ. ನಿಲ್ಲಿಸಲೇಬೇಕಿತ್ತು. ಪಕ್ಕದಲ್ಲಿ ಕಂಡಕ್ಟರು ಮಂಡಿಯೂರಿ ಕಣ್ಣು ಮುಚ್ಚಿಕೊಂಡಿದ್ದರು. ಯಾವ ದೇವರನ್ನು ಕರೆಯುತ್ತಿದ್ದರೋ ಕೇಳಲಿಲ್ಲ. ನಾನು ಯಾವುದನ್ನೂ ಕರೆಯಲಿಲ್ಲ, ನನ್ನ ನಂಬಿಕೆಯೆಲ್ಲ ಆ ನಿಲ್ಲಿಸಿದ ಜಾಗದಲ್ಲಿತ್ತು. ನಿಲ್ಲಿಸಿದರೆ ಅವಳು ಕೇಳಿಯೇ ಕೇಳುತ್ತಾಳೆ. ಕೇಳದಿದ್ದರೆ ನಿದ್ದೆ ಬಂದುಬಿಟ್ಟಿದೆ ಎಂದು ಅರ್ಥ.

ಬಾಗಿಲಿನ ಹತ್ತಿರದಲ್ಲೇ, ಬಹಳ ಸಣ್ಣಗೆ, ‘ಆಮೇಲೆ?’ ಅಂತ ಕೇಳಿಸಿತು.

ಅಳಿಲೇ, ನನ್ನ ಜೀವ ಬಾಯಿಗೆ ಬಂತು. ಆದರೆ ‘ತೆಗೆ’ ಅನ್ನಲಿಲ್ಲ. ಅಂದಿದ್ದರೆ ಓಡಿಬಿಡುತ್ತಿದ್ದಳು. ಆಮೇಲೆ ಆ ಹುಡುಗಿ ಮೂಗಿಗೆ ಬಟ್ಟೆ ಹಿಡಿದುಕೊಂಡು ಒಲೆಯ ಹತ್ತಿರ ಹೋಗಿ ಅದರ ಕಿವಿ ಹಿಂಡಿದಳು ಅಂದೆ. ‘ಯಾವ ಕಿವಿ?’ ಅಂತ ಕೇಳಿದಳು. ಹಾಲಿನ ಪಾತ್ರೆ ಇರುವ ಕಡೆಯ ಕಿವಿ, ಅದರ ಗೆರೆ ಮೇಲ್ಗಡೆ ನೆಟ್ಟಗೆ ನಿಲ್ಲುವ ತನಕ ಹಿಂಡಬೇಕು ಅಂದೆ. ಅಲ್ಲಿ ದೀಪದ ಸ್ವಿಚ್ಚಿನೊಳಗೆ ಒಬ್ಬ ರಾಕ್ಷಸ ಮಲಗಿದ್ದಾನೆ, ಅದನ್ನು ಮುಟ್ಟಿದರೆ ಗಂಟೆ ಚೂರುಚೂರು ಅಂದೆ. ಪಾದಗಳು ಹೋದವು. ನಾನು ಉಸಿರು ಬಿಡಲಿಲ್ಲ. ಪಾದಗಳು ಬಂದವು. ‘ಹಿಂಡಿದ್ಲು. ಬುಸ್ ನಿಂತೋಯ್ತು. ಆಮೇಲೆ?’ ಆಮೇಲೆ ಕಿಟಕಿ ತೆಗೆದಳು, ಕೆಟ್ಟ ಉಸಿರೆಲ್ಲ ಹಾರಿಹೋಯಿತು. ಆಮೇಲೆ? ಆಮೇಲೆ ಗಂಟೆ ತಬ್ಬಿಕೊಳ್ಳಲು ಬಂತು, ಬಾಗಿಲು ಹಾಕಿತ್ತು.

ಚಿಲಕ ಸರಿಯಿತು.

ಅಗ್ನಿಶಾಮಕದವರು ಬಂದದ್ದು ಆಮೇಲೆ. ಒಲೆ ನೋಡಿ, ಹಾಲು ನೋಡಿ, ನನ್ನನ್ನು ನೋಡಿ, ‘ವಯಸ್ಸಾದೋರು ಹುಷಾರಾಗಿರಬೇಕು’ ಎಂದು ಉಪದೇಶ ಮಾಡಿ ಹೋದರು. ಅವರ ಮಾತು ನನಗೆ ಚುಚ್ಚಲಿಲ್ಲ. ಚುಚ್ಚಿದ್ದು ಬೇರೆ. ಬಾಗಿಲು ತೆಗೆದ ಮೆಣಸು ನನ್ನ ತೋಳಿಗೆ ಓಡಿ ಬರಲಿಲ್ಲ. ಹಿಂದೆ ಸರಿದು ಗೋಡೆಗೆ ಒರಗಿ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ನಾನು ಸೀಸೆಗಳನ್ನು ನೋಡುತ್ತಿದ್ದೆನಲ್ಲ, ಹಾಗೆ. ‘ಅಳಿಲು ಯಾರು?’ ಅಂದಳು. ನಿಮ್ಮಮ್ಮ ಅಂದೆ. ಸ್ವಲ್ಪ ಯೋಚಿಸಿ, ‘ಹಾಗಾದ್ರೆ ನೀನು ಆಗ ನನ್ನಜ್ಜಿ ಆಗಿರ್ಲಿಲ್ಲ’ ಅಂದಳು.

ನಿನ್ನೆ ಬೆಳಿಗ್ಗೆ ಕಣ್ಣುಬಿಟ್ಟ ತಕ್ಷಣ, ಹಾಸಿಗೆಯಲ್ಲೇ, ನನ್ನ ಪಕ್ಕದಲ್ಲೇ ಮಲಗಿದ್ದವಳು, ‘ನಿನ್ನೆ ಕಥೆ ಎಲ್ಲಿ ನಿಂತಿತ್ತು?’ ಅಂತ ಕೇಳಿದಳು. ಬಾಗಿಲೂ ಇಲ್ಲ, ತಟ್ಟಿದವರೂ ಇಲ್ಲ. ಇವತ್ತೂ ಕೇಳಿದಳು. ಉತ್ತರ ಬರುವ ತನಕ ನನ್ನ ಕೈಯಿಂದ ನೀರನ್ನೂ ತೆಗೆದುಕೊಳ್ಳುವುದಿಲ್ಲ. ಈ ಮಗು ನನ್ನ ಮಾತನ್ನು ಎಷ್ಟು ನಂಬಿತ್ತು ಎಂದರೆ, ನೀನು ಓಡಿಸುವ ರೈಲಿಗೆ ನಿದ್ದೆ ಬಂದರೆ ನೀನು ಅದಕ್ಕೂ ಕಥೆ ಹೇಳುತ್ತೀಯ ಎಂದು ನಂಬಿತ್ತು. ರಸ್ತೆ ದಾಟುವುದನ್ನು, ಲೆಕ್ಕವನ್ನು, ಹಲ್ಲುಜ್ಜುವುದನ್ನು ನಾನು ಕಥೆಯಿಂದಲೇ ಕಲಿಸಿದ್ದೆ. ಈಗ ಆ ಮಗು ಕಥೆಯನ್ನು ನಂಬುತ್ತದೆ, ಹೇಳುವವಳನ್ನು ನಂಬುವುದಿಲ್ಲ. ಬೆಳಗಾಗುತ್ತದೆ ಎಂದರೆ ನನಗೆ ಪರೀಕ್ಷೆಗೆ ಕುಳಿತ ಹಾಗೆ. ನಿನ್ನೆ ಮಲಗುವ ಮುಂಚೆ ತೋಳಿನ ಒಳಭಾಗದಲ್ಲಿ ಪೆನ್ನಿನಿಂದ ‘ಗಂಟೆ, ಸೇತುವೆ, ಕುಂಟ ಕಾವಲುಗಾರ’ ಎಂದು ಬರೆದುಕೊಂಡೆ. ಬೆಳಿಗ್ಗೆ ಅವಳು ನನ್ನ ತೋಳು ಮೇಲೆತ್ತಿ ನೋಡಿದಳು. ಮತ್ತೆ ಕೆಳಗಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

ಯಾವಾಗಿನಿಂದ ಎಂದು ಕೇಳುತ್ತೀಯ. ನೀನು ಹೋಗುವ ಮುಂಚಿನಿಂದಲೇ. ಕನ್ನಡಕ, ಬೀಗದ ಕೈ, ಇವೆಲ್ಲ ಎಲ್ಲರೂ ಮರೆಯುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಬೀದಿ ಮರೆತಾಗ ಒಬ್ಬಳೇ ಡಾಕ್ಟರ ಬಳಿ ಹೋದೆ. ನಿನಗೆ ಹಲ್ಲುನೋವು ಎಂದು ಹೇಳಿದ್ದೆನಲ್ಲ, ಅವತ್ತು. ಚಿಕ್ಕ ವಯಸ್ಸಿನ ಡಾಕ್ಟರು. ಸೇಬು, ಕುರ್ಚಿ, ಬಸ್ಸು, ಈ ಮೂರು ಮಾತು ನೆನಪಿಟ್ಟುಕೊಳ್ಳಿ, ಕೊನೆಗೆ ಕೇಳುತ್ತೇನೆ ಅಂದರು. ನಾನು ಮನಸ್ಸಿನಲ್ಲೇ ಒಂದು ಸೇಬನ್ನು ಕುರ್ಚಿಯ ಮೇಲೆ ಕೂರಿಸಿ ಬಸ್ಸು ಹತ್ತಿಸಿದೆ. ಸೇಬು ಟಿಕೆಟ್ ತೆಗೆಯುವುದಿಲ್ಲವೆಂದು ಕಂಡಕ್ಟರೊಡನೆ ಜಗಳಕ್ಕಿಳಿಯಿತು. ಕೊನೆಗೆ ಕೇಳಿದಾಗ ಮೂರನ್ನೂ ಪಟಪಟನೆ ಹೇಳಿದೆ. ಡಾಕ್ಟರು ಖುಷಿಯಾಗಿ, ಏನೂ ತೊಂದರೆಯಿಲ್ಲ, ಚೆನ್ನಾಗಿ ನಿದ್ದೆ ಮಾಡಿ ಅಂದರು. ಅವರ ಕಿವಿಗೆ ಹೂವಿಟ್ಟು ಬಂದೆ ಎಂದು ಹೆಮ್ಮೆಪಡುತ್ತ ಮೆಟ್ಟಿಲಿಳಿದೆ. ಕೆಳಗೆ ನಿಂತಾಗ ಮನೆಗೆ ಎಡಕ್ಕೋ ಬಲಕ್ಕೋ ಗೊತ್ತಾಗಲಿಲ್ಲ. ಸೇಬಿನ ಬಸ್ಸು ಮಾತ್ರ ಇನ್ನೂ ಕಣ್ಣಮುಂದೆ ಇತ್ತು.

ಯಾಕೆ ಮುಚ್ಚಿಟ್ಟೆ ಎನ್ನುತ್ತೀಯ. ಹೇಳಿದ್ದರೆ ನೀನು ಹೋಗುತ್ತಲೇ ಇರಲಿಲ್ಲ. ಎಂಜಿನ್ ಹತ್ತಬೇಕೆಂದು ನೀನು ಎಷ್ಟು ಕಡೆ ಅರ್ಜಿ ಹಾಕಿ, ಎಷ್ಟು ಜನರಿಂದ ‘ಹೆಂಗಸರಿಗೆ ಯಾಕ್ರೀ ಇದು’ ಅನ್ನಿಸಿಕೊಂಡು, ಕೊನೆಗೆ ಆ ಸಮವಸ್ತ್ರ ಹಾಕಿಕೊಂಡೆ ಎಂದು ನಾನು ನೋಡಿದ್ದೇನೆ. ಮೆಣಸಿನ ಅಪ್ಪ ಬಿಟ್ಟುಹೋದ ಮೇಲೆ ನೀನು ನಕ್ಕಿದ್ದೇ ಆ ದಿನ. ಮುಂದಿನ ತಿಂಗಳು ನಿನ್ನ ಕೊನೆಯ ಪರೀಕ್ಷೆ. ಅದು ಮುಗಿಯುವ ತನಕ ಹೇಗಾದರೂ ಎಳೆಯೋಣ, ಅಷ್ಟರವರೆಗೆ ಕಥೆ ಕಟ್ಟಿಕೊಂಡಿರೋಣ ಅಂದುಕೊಂಡಿದ್ದೆ. ಇಷ್ಟು ವರ್ಷ ಒಂದು ಕಸವನ್ನೂ ಬಿಡದೆ ನೋಡಿದ ಕಣ್ಣು, ನನ್ನ ತಲೆಯೊಳಗಿನದನ್ನು ಮಾತ್ರ ನೋಡಿಯೂ ನೋಡದ ಹಾಗೆ ಪಕ್ಕಕ್ಕೆ ತಳ್ಳಿತು.

ಭಾನುವಾರ ಸಿಕ್ಕಿದರೆ ಬಾ, ಪರೀಕ್ಷೆ ಮುಗಿಸಿ ಬಾ ಎಂದೆಲ್ಲ ಬರೆದು ನಾಲ್ಕು ಸಾಲು ಗೀಚಿ ಹಾಕಿದ್ದೇನೆ. ಗೀಚಿದ್ದನ್ನು ಬೆಳಕಿಗೆ ಹಿಡಿದು ಓದಲು ಹೋಗಬೇಡ. ಬಾ. ಈ ಕಾಗದ ಕೈಗೆ ಸಿಕ್ಕಿದ ದಿನವೇ ಹೊರಡು. ಪರೀಕ್ಷೆ ತಪ್ಪಿದರೆ ಮತ್ತೆ ಬರೆಯಬಹುದು, ಬರೆಯಲು ಬಿಡದಿದ್ದರೆ ನನ್ನನ್ನು ಜೀವಮಾನವಿಡೀ ಬೈದುಕೋ. ಮೆಣಸನ್ನು ನನ್ನ ಕೈಯಿಂದ ತೆಗೆದುಕೊಂಡು ಹೋಗು. ನನ್ನನ್ನು ಏನು ಮಾಡುತ್ತೀಯೋ ಅದನ್ನು ಆಮೇಲೆ ಯೋಚಿಸಿದರಾಯಿತು. ಅವಳಿಲ್ಲದ ಮನೆ ಹೇಗಿರುತ್ತದೆ ಎಂದು ನೆನೆಸಿಕೊಳ್ಳಲೂ ನನಗೆ ಇಷ್ಟವಿಲ್ಲ. ಆದರೆ ಸೋಮವಾರದ ವಾಸನೆ ಇನ್ನೂ ಮೂಗಿನಲ್ಲಿದೆ.

ನೀನು ಬರುವ ತನಕದ ವ್ಯವಸ್ಥೆ ಹೇಳುತ್ತೇನೆ. ಒಲೆಯ ಸಿಲಿಂಡರಿನ ರೆಗ್ಯುಲೇಟರನ್ನು ಕಂಡಕ್ಟರು ಬಿಚ್ಚಿ ತಮ್ಮ ಮನೆಯಲ್ಲಿಟ್ಟುಕೊಂಡಿದ್ದಾರೆ. ಹಾಲು ಅಲ್ಲೇ ಕಾಯುತ್ತದೆ. ಶಾಲೆಗೆ ಬಿಟ್ಟು ಕರೆತರುವುದು ಅವರೇ, ಮೆಣಸಿಗೆ ಹಳೆಯ ಟಿಕೆಟ್ಟಿನ ಕಟ್ಟು ಬೇರೆ ಕೊಟ್ಟಿದ್ದಾರೆ. ಮಗು ಮನೆಯಲ್ಲಿರುವಾಗ ಬಾಗಿಲು ಹಾಕುವುದಿಲ್ಲ, ಹೊಸ್ತಿಲ ಹೊರಗೆ ಅವರ ಕುರ್ಚಿ. ರಾತ್ರಿ ಕಥೆಗೂ ಅಲ್ಲೇ ಕೂರುತ್ತಾರೆ. ನಾನು ಎಡವಿದ ಕಡೆ ಕೆಮ್ಮುತ್ತಾರೆ. ನಾನು ಒಬ್ಬಳೇ ಇರುವಾಗ ಮಾತ್ರ ಚಿಲಕ ಹಾಕಿಕೊಳ್ಳುತ್ತೇನೆ, ಯಾಕೋ ಹೆದರಿಕೆ.

ಬಾಕಿ ನಾನು ಗಟ್ಟಿಯಾಗಿಯೇ ಇದ್ದೇನೆ. ಮರೆಯುವುದು ಸಾಮಾನು, ಬೀದಿ, ವಾರ, ಕಥೆ. ನಮ್ಮವರ ಮುಖವನ್ನು, ದನಿಯನ್ನು ಮರೆತಿಲ್ಲ. ಆ ಹೆದರಿಕೆ ನಿನಗೆ ಬೇಡ. ಎಂಜಿನ್ನಿನಲ್ಲಿ ಕುಳಿತಾಗ ನನ್ನ ಚಿಂತೆ ಮಾಡದೆ ಮುಂದೆ ನೋಡು.

ಮುತ್ತುಗಳೊಂದಿಗೆ,
ನಿನ್ನನ್ನು ಹೆತ್ತ, ಈಗ ಹೆದರಿ ಕುಳಿತ,
ಅಮ್ಮ

ಮತ್ತೆ ಬರೆಯುತ್ತಿದ್ದೇನೆ. ಲಕೋಟೆಗೆ ಅಂಟು ಹಚ್ಚಿದ್ದೆ, ಬಿಚ್ಚಿದೆ. ನಮ್ಮವರ ದನಿಯನ್ನು ಮರೆತಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಕಳೆದ ಭಾನುವಾರ ಫೋನಿನಲ್ಲಿ ನೀನು ಬ್ರೇಕ್ ಹಿಡಿಯುವುದು ಕಷ್ಟ ಎಂದೆ, ಕೋಣೆಯಲ್ಲಿ ಒಬ್ಬಳೇ ಬೇಜಾರು ಎಂದೆ, ಅತ್ತುಬಿಟ್ಟೆ ಕೂಡ. ನಾನು ‘ಹೂಂ’, ‘ಹೌದಾ’, ‘ಆಮೇಲೆ’ ಅಂದೆ. ಯಾರೋ ಒಳ್ಳೆಯ ಹುಡುಗಿ, ಪಾಪ, ಮಾತಾಡಲು ಅವಳಿಗೆ ಯಾರೂ ಇಲ್ಲ ಅಂದುಕೊಂಡಿದ್ದೆ. ಫೋನ್ ಇಟ್ಟ ಮೇಲೆ ಯಾರೇ ಅದು ಎಂದು ಮೆಣಸನ್ನು ಕೇಳಿದೆ. ಆದ್ದರಿಂದ ನೀನು ಬಂದಾಗ ಬಾಗಿಲು ಹಾಕಿದ್ದು, ಒಳಗಿನಿಂದ ಯಾರು ಎಂದು ನಾನೇ ಕೇಳಿದರೆ ಹೆದರಬೇಡ. ಮಗಳು ಅನ್ನಬೇಡ, ಹಾಗೆ ಯಾರು ಬೇಕಾದರೂ ಅನ್ನಬಹುದು, ನಾನು ತೆಗೆಯುವುದಿಲ್ಲ. ಮುದುಕಿ ಕತ್ತರಿ ಮಡಚಿ ಇಟ್ಟು ಏನಂದಳು ಎಂದು ಹೇಳು. ಅದಿನ್ನೂ ನನ್ನ ಹತ್ತಿರ ಇದೆ. ಬೇಗ ಬಾ.